ಎರೆಹೊಲದಲ್ಲಿ ತಮ್ಮನ ಹೆಜ್ಜೆ

ಎಂಬತ್ತರ ದಶಕದಲ್ಲಿ ನಾನು ಅಣ್ಣಿಗೇರಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದಾಗ, ನಮ್ಮ ಹವ್ಯಾಸಿ ತಂಡ ಒಂದು ಗ್ರೀಕ್ ನಾಟಕ ಆಡಲು ಹೊರಟಿತು. ಕಂಪನಿ ನಾಟಕ ನೋಡಿ ಬಿದ್ದು ಬಿದ್ದು ನಗುವ ಊರಿಗೆ ಗ್ರೀಕರ ಗೋಳು ಯಾಕೆ ಬೇಕಿತ್ತೋ! ಧಾರವಾಡದಿಂದ ಬರುತ್ತಿದ್ದ ನಿರ್ದೇಶಕರು ಕೇಳಬೇಕಲ್ಲ. ಭಾನುವಾರ ಮಧ್ಯಾಹ್ನ ನಮ್ಮನ್ನು ಹತ್ತಿಯ ಗೋದಾಮಿನಲ್ಲಿ ಕೂಡಿಸಿ, ಎದ್ದು ನಿಲ್ಲಲೂ ಬಿಡದೆ, ಒಂದೊಂದೇ ಮಾತು ಓದಿಸುತ್ತಿದ್ದರು. ಪ್ರತಿ ಮಾತಿಗೂ ಅವರ ಪ್ರಶ್ನೆ ಒಂದೇ.

"ಈಕಿ ಇದನ್ನ ಈಗ್ಯಾಕ ಅಂತಾಳ? ಆಕಿಗೆ ಏನು ಬೇಕಾಗೇದ?"

ನನ್ನದು ಅಕ್ಕನ ಪಾತ್ರ. ಚಿಕ್ಕಂದಿನಲ್ಲೇ ದೂರವಾದ ತಮ್ಮನ ದಾರಿ ಕಾಯುವವಳು ಅವಳು. ಒಂದು ದಿನ ಅಪ್ಪನ ಗೋರಿಯ ಹತ್ತಿರ ಹೆಜ್ಜೆ ಗುರುತು ಕಂಡು, ತಮ್ಮ ಬಂದ ಎಂದು ಹಿಗ್ಗುತ್ತಾಳೆ. ತಮ್ಮನ ಪಾತ್ರದ ಬ್ಯಾಂಕ್ ಕಾರಕೂನ, ಹುಬ್ಬಳ್ಳಿಯವನು, ನಕ್ಕೇಬಿಟ್ಟ.

"ಹೆಜ್ಜಿ ನೋಡಿ ಯಾರರ ಗುರ್ತು ಹಿಡೀತಾರೇನ್ರಿ? ಇದನ್ನ ತಗದ ಬಿಡೂಣು."

ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಡಾಂಬರಿನ ಮ್ಯಾಲೆ ಏನ್ ಕಾಣಸ್ತೈತ್ರಿ? ನಮ್ಮ ಶಲವಡಿಗೆ ಬರ್ರಿ. ಎರಿಹೊಲ ಹಸಿ ಇದ್ದಾಗ ಕರಿಮಣ್ಣು ಮೆತ್ತತೈತಂತ ಎಲ್ಲಾರೂ ಚಪ್ಪಲಿ ಕೈಯಾಗ ಹಿಡದ ನಡೀತಾರ. ಯಾರ ಹೆಜ್ಜಿ ಅಂತ ಮನಿಮಂದಿಗೆ ಗೊತ್ತಾಗ್ತೈತಿ. ನನ್ನ ತಮ್ಮನ ಎಡಗಾಲಿನ ಕಿರಿಬೆರಳು ಹೊರಗ ಚಾಚಿರ್ತಿತ್ತು."

ಕಾರಕೂನ ತನ್ನ ಪುಸ್ತಕದತ್ತ ಕಣ್ಣಿಳಿಸಿದ. ನನ್ನ ತಮ್ಮ ಅಪ್ಪನ ಕೈಯಲ್ಲಿ ಹೊಡೆತ ತಿಂದು ಮನೆಬಿಟ್ಟವನು ಹತ್ತಾರು ವರ್ಷವಾದರೂ ತಿರುಗಿ ಬಂದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಮಳೆಯಾದ ಮರುದಿನ ನಾನು ಊರಿಗೆ ಹೋದರೆ ಹೊಲದ ದಾರಿಯಲ್ಲಿ ತಲೆ ತಗ್ಗಿಸಿಯೇ ನಡೆಯುತ್ತಿದ್ದೆ. ಬಲು ಮರ್ಯಾದಸ್ಥೆ ಎಂದು ಜನ ಹೊಗಳುತ್ತಿದ್ದರು. ನನಗೆ ಬೇಕಾಗಿದ್ದುದು ಆ ಕಿರಿಬೆರಳು, ಅಷ್ಟೇ.

ನಿರ್ದೇಶಕರು ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು.

"ತಮ್ಮ ಹೋದಾಗ ಎಷ್ಟು ದೊಡ್ಡವ ಇದ್ದ, ಅಕ್ಕೋರ?"

"ಏಳನೇ ಇಯತ್ತೆ ಓದ್ತಿದ್ದ್ರಿ."

"ನಾಟಕದಾಗೂ ಸಣ್ಣವ ಇದ್ದಾಗ ಹೋಗ್ಯಾನ. ಬಂದ ಹೆಜ್ಜಿ ಮಾತ್ರ ಬೆಳದ ಗಂಡಸಿಂದು. ಆಕಿ ಅದನ್ನ ಹಿಂದ ಎಂದೂ ನೋಡಿಲ್ಲ. ಅದಕ್ಕ ತನ್ನ ಕಾಲು ಅದರಾಗ ಇಟ್ಟು ನೋಡ್ತಾಳ. ಒಂದ ತಾಯಿ ಮಕ್ಕಳ ಪಾದ ಹೊಂದತದೇನು ಅಂತ."

ಕಾರಕೂನ ತಲೆಯಾಡಿಸಿ, ಹೆಜ್ಜೆಯ ಮಾತು ಇರಲಿ ಎಂದು ಒಪ್ಪಿಕೊಂಡ. ಮುಂದಿನ ಮಾತು ನನ್ನದು. ಎಲ್ಲರೂ ಕಾಯುತ್ತಿದ್ದರು, ನಾನು ಬಗ್ಗಿ ನನ್ನದೇ ಪಾದ ನೋಡುತ್ತಿದ್ದೆ. ಅಷ್ಟು ವರ್ಷ ನಾನು ಹುಡುಕಿದ್ದು ಒಬ್ಬ ಹುಡುಗನ ಪುಟ್ಟ ಪಾದ; ದೊಡ್ಡ ಹೆಜ್ಜೆಗಳ ಬೆರಳನ್ನು ನೋಡಿಯೇ ಇರಲಿಲ್ಲ. ಅವನು ನಿಜಕ್ಕೂ ಬಂದು, ಮನೆ ಹೊಗಲಾರದೆ ಹೊಲದಿಂದಲೇ ಹಿಂದಿರುಗಿದ್ದರೆ, ಯಾರೋ ಗಂಡಸಿನ ಹೆಜ್ಜೆಯೆಂದು ನಾನೇ ಅದನ್ನು ತುಳಿದು ಬಂದಿರುತ್ತೇನೆ.