ಕಮಾನಿನೊಳಗೆ ಟ್ರ್ಯಾಕ್ಟರ್ ನಿಲ್ಲೋ ಹಾಗಿಲ್ಲ

ಹುಣಸೂರಿಗೆ ಬಂದಿಳಿದ ಮಾರನೇ ಬೆಳಿಗ್ಗೆ ಯಾರೋ ನಮ್ಮ ಹೊಸ ಮನೆಯ ಬಾಗಿಲು ದಬದಬ ಬಡಿದರು. ತೆಗೆದರೆ ಸ್ವೆಟರ್ ಹಾಕಿಕೊಂಡ ಹಿರಿಯರೊಬ್ಬರು ನಿಂತಿದ್ದರು. "ನಮ್ಮ ಗೇಟಿಗೆ ಅಡ್ಡ ನಿಂತಿರೋ ಟ್ರ್ಯಾಕ್ಟರ್ ನಿಮ್ದೇನಮ್ಮ?" ಅಂದರು. ಹೌದು ಅಂದೆ. ನಗುನಗುತ್ತಲೇ ಅಂದೆ. ಒಳಗೆ ಬನ್ನಿ, ಕಾಫಿ ಕುಡಿದು ಹೋಗಿ ಅಂತಲೂ ಅಂದೆ. ಅವರು ಹೊಸ್ತಿಲು ದಾಟಲಿಲ್ಲ. "ಇದು ಲೇಔಟು, ಹಳ್ಳಿ ಅಲ್ಲ. ಮೊದಲು ಅದನ್ನ ತೆಗೆಸಿ," ಅಂದು ತಿರುಗಿ ಹೋದರು.

ಅವರು ನಾಗರಾಜಪ್ಪನವರು. ಕರೆಂಟಿನ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನಮ್ಮ ಲೇಔಟಿನ ಅಸೋಸಿಯೇಷನ್ ಅಧ್ಯಕ್ಷರು. ಅವರು ಅಧ್ಯಕ್ಷರು ಅಂತ ತಿಳಿದೇ ನಮ್ಮನೆಯವರು ಹಿಂದಿನ ಸಂಜೆ ಅವರ ಗೇಟಿನ ಮುಂದೆ ಟ್ರ್ಯಾಕ್ಟರ್ ಬಿಟ್ಟು ಬಂದಿದ್ದರು. ನಮ್ಮೂರ ಕಡೆ ಹೊಸಬರು ಬಂದು ಬೀಡುಬಿಟ್ಟರೆ ಮೊದಲ ರಾತ್ರಿ ಗಾಡಿಯನ್ನು ಊರಿನ ಹಿರೀಕರ ಅಂಗಳದಲ್ಲಿ ಬಿಡುತ್ತಾರೆ. ನಿಮ್ಮ ಆಸರೆಗೆ ಬಂದಿದ್ದೀವಿ, ನಮ್ಮನ್ನೂ ನಿಮ್ಮೋರು ಅಂದುಕೊಳ್ಳಿ ಅಂತ ಬಾಯಲ್ಲಿ ಹೇಳುವ ಬದಲು ಅದು. ಬೆಳಿಗ್ಗೆ ಆ ಮನೆಯವರು ಗಾಲಿಗೆ ಒಂದು ತಂಬಿಗೆ ನೀರು ಹಾಕಿ, ಬಂದವರನ್ನು ಕರೆದು ಕೂರಿಸುತ್ತಾರೆ. ಕೀ ಕಿತ್ತುಕೊಂಡು ಹೋಗುವ ಹಾಗಿಲ್ಲ, ಗಾಡಿಯಲ್ಲೇ ಇರಬೇಕು. ಕಿತ್ತುಕೊಂಡರೆ ನಂಬಿಕೆ ಇಲ್ಲ ಅಂತ ಆಗುತ್ತದೆ.

ನಮ್ಮನೆಯವರಿಗೆ ಕೊನೆಗೂ ಅರ್ಥವಾಗದೆ ಉಳಿದದ್ದು ನಾಗರಾಜಪ್ಪನವರ ಈ ಮುನಿಸೇ. ಟ್ರ್ಯಾಕ್ಟರನ್ನು ಈಚೆ ತಂದವರು ಮೆಟ್ಟಿಲ ಮೇಲೆ ಕೂತು, "ಅಲ್ಲ ಕಣಮ್ಮಿ, ದೊಡ್ಡೋರು ಅಂತ ಅವರ ಮನೆ ಮುಂದೆ ಬುಟ್ರೆ ಅದ್ರಲ್ಲಿ ತೆಪ್ಪೇನೈತೆ? ಕೀನೂ ಅಲ್ಲೇ ಇತ್ತು. ಬ್ಯಾಡ ಅಂದ್ರೆ ಪಕ್ಕಕ್ಕೆ ಆಕೋಬೋದಿತ್ತಲ್ಲ," ಅಂದರು. ಅವರಿಗೆ ಕಾರು ಬಿಟ್ಟರೆ ಬೇರೇನೂ ಓಡಿಸೋಕೆ ಬರೋದಿಲ್ಲ ಅಂದೆ. ಟ್ರ್ಯಾಕ್ಟರ್ ಓಡಿಸೋಕೆ ಬರದ ಅಧ್ಯಕ್ಷರು ಇರುತ್ತಾರೆ ಅನ್ನೋದನ್ನ ನಮ್ಮನೆಯವರು ನಂಬಲಿಲ್ಲ.

ಎಚ್.ಡಿ. ಕೋಟೆಯಿಂದ ಹುಣಸೂರಿಗೆ ಬಂದದ್ದನ್ನು ವಲಸೆ ಅಂದರೆ ಊರಿನಲ್ಲಿ ಇದನ್ನು ಓದುತ್ತಿರುವ ನೀವು ನಗುತ್ತೀರಿ. ಒಂದೇ ಜಿಲ್ಲೆ, ಒಂದೇ ಮಾತು, ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ವಾಪಸ್ಸು ಬರಬಹುದು. ನಗಿ ಪರವಾಗಿಲ್ಲ. ನಾನೂ ಹಾಗೇ ನಕ್ಕೊಂಡೇ ಬಂದವಳು. ನಾನು ಪ್ರೈಮರಿ ಶಾಲೆ ಟೀಚರ್. ಗುರುಪುರದ ಕಡೆ ಶಾಲೆಗೆ ವರ್ಗ ಆಯಿತು, ಮಗಳು ಪವಿತ್ರಳನ್ನು ಹೈಸ್ಕೂಲಿಗೆ ಹಾಕಬೇಕಿತ್ತು. ಟೀಚರುಗಳೆಲ್ಲ ಸೇರಿ ಸೈಟು ತಗೊಳ್ಳುವಾಗ ನಾವೂ ಒಂದು ತಗೊಂಡಿದ್ದೆವು, ಅದರಲ್ಲಿ ಮನೆ ಕಟ್ಟಿಸಿದೆವು. ನಮ್ಮನೆಯವರ ಪಾಲಿಗೆ ಬಂದ ಹೊಲ ಅಂಗೈಯಗಲ. ಅವರ ಬದುಕೆಲ್ಲ ಟ್ರ್ಯಾಕ್ಟರು. ಉಳುಮೆ, ಮರಳು, ಇಟ್ಟಿಗೆ, ಹೊಗೆಸೊಪ್ಪಿನ ಮೂಟೆ, ಯಾರು ಕರೆದರೂ ಬಾಡಿಗೆಗೆ ಹೋಗುತ್ತಿದ್ದರು. ಹುಣಸೂರಲ್ಲಿ ಬಾಡಿಗೆಗೇನು ಬರ ಅಂದುಕೊಂಡು ಮೂವರೂ ಖುಷಿಯಾಗಿ ಬಂದೆವು. ನಮ್ಮ ಮನೆ ಮುಂದೆ ನಮ್ಮ ಗಾಡಿ ನಿಲ್ಲಿಸೋಕೆ ಯಾರನ್ನಾದರೂ ಕೇಳಬೇಕು ಅಂತ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇಲ್ಲಿನ ಮಾತುಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೇಔಟ್ ಅಂದರೆ ಯಾರದೋ ಹೊಲವನ್ನು ಚೌಕ ಚೌಕವಾಗಿ ಕತ್ತರಿಸಿ ನಡುವೆ ರಸ್ತೆ ಎಳೆದದ್ದು. ಮುಂದೆ ಒಂದು ಕಮಾನು, ಕಮಾನಿಗೆ ಅಡ್ಡ ಸರಪಳಿ, ಸರಪಳಿ ಎತ್ತಿ ಇಳಿಸೋಕೆ ವಾಚ್‌ಮನ್ ಸಿದ್ದಪ್ಪ. ಅಸೋಸಿಯೇಷನ್ ಅಂದರೆ ಒಳಗಿರುವ ಮನೆ ಯಜಮಾನರ ಕೂಟ. ಊರಿನ ಪಂಚಾಯ್ತಿ ಜಗಳ ಆದ ಮೇಲೆ ಸೇರುತ್ತದೆ, ಇದು ಜಗಳ ಆಗೋಕೆ ಮುಂಚೆಯೇ ಸೇರುತ್ತದೆ. ವಿಸಿಟರ್ ಪಾರ್ಕಿಂಗ್ ಅಂದರೆ ಪಾರ್ಕಿನ ಪಕ್ಕ ಸುಣ್ಣದ ಗೆರೆ ಎಳೆದ ಜಾಗ. ನೆಂಟರ ಗಾಡಿ ಹಗಲು ಹೊತ್ತು ಅಲ್ಲಿ ನಿಲ್ಲಬಹುದು. ಬೀದಿದೀಪ ಹತ್ತುವ ಹೊತ್ತಿಗೆ ಅದು ಹೊರಗೆ ಹೋಗಬೇಕು. ಮನೆಯವರ ಬೈಕು, ಕಾರು ಅವರವರ ಕಾಂಪೌಂಡಿನೊಳಗೆ. ಲಾರಿ, ಟೆಂಪೊ, ಟ್ರ್ಯಾಕ್ಟರ್ ಕಮಾನಿನೊಳಗೆ ನಿಲ್ಲುವ ಹಾಗೇ ಇಲ್ಲ. ಇದನ್ನೆಲ್ಲ ಕಮಾನಿನ ಹತ್ತಿರ ಬೋರ್ಡಿನ ಮೇಲೆ ಬರೆದಿದ್ದಾರೆ. ದಿನಾ ಮಕ್ಕಳಿಗೆ ಓದಿಸುವ ನಾನು ಅದನ್ನು ಓದಿರಲಿಲ್ಲ.

ನಮ್ಮ ಕಾಂಪೌಂಡಿನಲ್ಲಿ ಸೈಕಲ್ ನಿಂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ಟ್ರ್ಯಾಕ್ಟರ್ ಎಲ್ಲಿ ಬಂತು! ಎದುರು ಮನೆಯವರದು ಒಂದು ಹಳೇ ಕಾರಿದೆ. ನಾವು ಬಂದಾಗಿನಿಂದ ಅದು ಕದಲಿದ್ದು ನಾನು ಕಂಡಿಲ್ಲ. ಮೇಲೆ ಬೂದು ಬಣ್ಣದ ಮುಸುಕು, ಟೈರಿಗೆ ಗಾಳಿ ಇಲ್ಲ, ಅಡಿಯಲ್ಲಿ ಬೆಕ್ಕು ಮರಿ ಹಾಕಿದೆ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ದುಡಿಯುವ ಗಾಡಿಗೆ ಜಾಗ ಇಲ್ಲ, ಸತ್ತ ಗಾಡಿಗೆ ಇದೆ. ಈ ಮಾತನ್ನು ಎದುರು ಮನೆಯಾಕೆಗೇ ಒಮ್ಮೆ ಅಂದುಬಿಟ್ಟೆ. ಆಮೇಲೆ ಅವರು ಕೆಲವು ದಿನ ನನ್ನ ಮುಖ ನೋಡಲಿಲ್ಲ.

ಊರಿನಲ್ಲಿ ನಮ್ಮ ಮನೆ ಕಾಡಂಚಿಗೆ. ಆನೆ ಬಂತು ಅಂದರೆ ಟ್ರ್ಯಾಕ್ಟರಿನ ಲೈಟು ಹಾಕಿ, ಹಾರನ್ ಒತ್ತಿ, ಇಡೀ ಕೇರಿಯನ್ನು ಕಾಯುತ್ತಿದ್ದದ್ದು ನಮ್ಮನೆಯವರೇ. "ಅಣ್ಣೋ, ಗಾಡಿ ಇಲ್ಲೇ ಬುಡು, ನಮ್ಮ ಅಟ್ಟಿ ಮುಂದ್ಕೇ ಬುಡು," ಅಂತ ಜನ ಕೈ ಹಿಡಿದು ಕರೆಯುತ್ತಿದ್ದರು. ಒಬ್ಬರ ಮನೆ ಮುಂದೆ ಬಿಟ್ಟರೆ ಇನ್ನೊಬ್ಬರಿಗೆ ಮುನಿಸು. ಅದೇ ಟ್ರ್ಯಾಕ್ಟರಿನ ಸದ್ದಿಗೆ ಇಲ್ಲಿ ನಿದ್ದೆ ಕೆಡುತ್ತದೆ ಅಂತ ದೂರು ಬಂತು.

ಮೊದಲು ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದೆವು. ಅದರ ಯಜಮಾನರು ಮೈಸೂರಿನಲ್ಲಿದ್ದರು. ಯಾರು ಫೋನು ಮಾಡಿದರೋ ಕಾಣೆ, ಬಂದು ಕಲ್ಲುಕಂಬ ನೆಟ್ಟು ತಂತಿ ಎಳೆಸಿದರು. ಆಮೇಲೆ ಮೇನ್ ರೋಡಿನ ಮರ ಕುಯ್ಯೋ ಒಂದು ಸಾ ಮಿಲ್ ಅಂಗಳದಲ್ಲಿ ಬಿಟ್ಟೆವು. ನಮ್ಮನೆಯವರು ಊಟದ ತಟ್ಟೆ ಮುಂದೆ ಕೂತರೂ ಕಿವಿಯೆಲ್ಲ ಆ ಕಡೆಯೇ. ಅವರಿಗೆ ಬಂದ ಅನುಮಾನ ಸುಳ್ಳಾಗಲಿಲ್ಲ, ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಟರಿಯೂ ಇಲ್ಲ, ಟ್ಯಾಂಕಿನಲ್ಲಿ ಡೀಸೆಲ್ಲೂ ಇಲ್ಲ. ಬಂದು ಗೋಡೆಗೆ ಒರಗಿ ಕೂತರು. ಅವರು ಹಾಗೆ ಕೂತದ್ದನ್ನು ಅವರ ಅವ್ವ ತೀರಿಕೊಂಡಾಗ ಬಿಟ್ಟರೆ ನಾನು ನೋಡಿರಲಿಲ್ಲ.

"ನಾನು ಊರ್ಗೆ ಒಯ್ತೀನಿ ಕಣಮ್ಮಿ," ಅಂದರು. "ಗಾಡಿ ಅಲ್ಲೇ ಇರ್ಲಿ. ನಾನೂ ಅಲ್ಲೇ ಇರ್ತೀನಿ."

"ಮತ್ತೆ ನಾವು?"

"ಮಗಳು ಓದ್ಲಿ. ನೀನು ಸ್ಕೂಲ್ಗೆ ಓಗು. ನಾನು ಬತ್ತಾ ಓಗ್ತಾ ಇರ್ತೀನಿ."

"ಬತ್ತಾ ಹೋಗ್ತಾ ಇರೋಕೆ ನೀವೇನು ನೆಂಟರೇನ್ರೀ?" ಅಂತ ರೇಗಿದೆ. ರೇಗಿದ್ದು ಅವರ ಮೇಲೆ, ಸಿಟ್ಟಿದ್ದದ್ದು ಬೋರ್ಡಿನ ಮೇಲೆ. ಮನೆ ಕಟ್ಟಿದ್ದೇ ಮೂವರೂ ಒಂದು ಸೂರಿನಡಿ ಇರೋಣ ಅಂತ. ಇದು ಮುರಿದರೆ ಆ ಗೋಡೆ ಯಾಕೆ, ಆ ಗೃಹಪ್ರವೇಶ ಯಾಕೆ? ಅಸೋಸಿಯೇಷನ್ ಮೀಟಿಂಗಿನಲ್ಲಿ ನಾನೇ ಮಾತಾಡುತ್ತೇನೆ, ಅಲ್ಲಿವರೆಗೆ ತಡೀರಿ ಅಂದೆ.

ಭಾನುವಾರ ಪಾರ್ಕಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹೆಂಗಸರಲ್ಲಿ ಎದ್ದು ನಿಂತು ಮಾತಾಡಿದವಳು ನಾನೊಬ್ಬಳೇ. ಟ್ರೇಲರ್ ಬೇಡ, ಅದನ್ನು ಊರಲ್ಲೇ ಬಿಡುತ್ತೇವೆ. ಬರೀ ಎಂಜಿನ್ನು ನಮ್ಮ ಮನೆ ಮುಂದೆ, ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ. ಬೆಳಿಗ್ಗೆ ಬೀದಿಯವರೆಲ್ಲ ಎದ್ದ ಮೇಲೇ ಸ್ಟಾರ್ಟ್ ಮಾಡುತ್ತೇವೆ. ಟೀಚರ್ ಅಲ್ಲವೇ, ಪಾಠದ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. ಕೆಲವರು ತಲೆ ಆಡಿಸಿದರು. ಎದುರು ಮನೆಯಾಕೆ ಕೂಡ, "ಪಾಪ, ಇರ್ಲಿ ಬಿಡಿ ಸಾರ್," ಅಂದರು. ಆಕೆಯ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ನಾಗರಾಜಪ್ಪನವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಸಲೀಸಾಗುತ್ತಿತ್ತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನೋಡಮ್ಮ, ನಾನು ಕೆ.ಆರ್. ನಗರದ ಕಡೆಯೋನು. ನಮ್ಮಪ್ಪನ ಎತ್ತಿನ ಗಾಡಿ ಅಡೀಲೇ ಮಲಗಿ ಬೆಳೆದೋನು. ಸಗಣಿ, ಕೀಲೆಣ್ಣೆ, ಕೆಸರು, ಎಲ್ಲ ಗೊತ್ತು ನಂಗೆ. ಅದನ್ನೆಲ್ಲ ದಾಟಿ ಈ ಮನೆಗೆ ಬರೋಕೆ ಜೀವಮಾನ ಹಿಡೀತು. ಇವತ್ತು ನಿಮ್ಮ ಟ್ರ್ಯಾಕ್ಟರ್ ಬರುತ್ತೆ. ನಾಳೆ ಇನ್ನೊಬ್ಬರ ಲಾರಿ ಬರುತ್ತೆ, ನಾಡಿದ್ದು ಕೊಟ್ಟಿಗೆ ಬರುತ್ತೆ. ಯಾರಿಗೆ ಬೇಡ ಅನ್ನಲಿ?" ಅಂದರು. ಆ ಮನುಷ್ಯ ಓಡಿಬಂದ ಜಾಗದಿಂದಲೇ ನಾವು ಗಾಡಿ ಹೊಡೆದುಕೊಂಡು ಬಂದಿದ್ದೆವು, ಅದೂ ನೇರ ಅವರ ಗೇಟಿಗೆ. ಕೈ ಎತ್ತಿಸಿದರು. ನಮ್ಮ ಕಡೆ ಎದ್ದ ಕೈಗಳು ಸಾಲಲಿಲ್ಲ. ಬೇಕಾದರೆ ಹಗಲು ಹೊತ್ತು ವಿಸಿಟರ್ ಜಾಗದಲ್ಲಿ ನಿಲ್ಲಿಸಿಕೊಳ್ಳಲಿ, ನಮ್ಮ ಅಡ್ಡಿಯಿಲ್ಲ ಅಂತ ತೀರ್ಮಾನ ಆಯಿತು.

ಮಾರನೇ ದಿನ ನಮ್ಮನೆಯವರು ಊರಿಗೆ ಹೋದರು. ಮೊದಮೊದಲು ಶನಿವಾರ ಬಸ್ಸಿನಲ್ಲಿ ಬಂದು ಒಂದು ರಾತ್ರಿ ಇರುತ್ತಿದ್ದರು. ಆಮೇಲೆ ಆನೆ ಕಾಟ ಅಂದರು, ಗಾಡಿ ಬಿಟ್ಟು ಬಂದರೆ ಕಣ್ಣು ಮುಚ್ಚಲ್ಲ ಅಂದರು. ನಾನು ಜೋರು ಮಾಡಿ ಕೇಳಿದ ದಿನ ನಿಜ ಹೇಳಿದರು: "ಗಾಡಿ ನಿಲ್ಸೋ ಯೋಗ್ತೆ ಇಲ್ದಿದ್ ಮ್ಯಾಕೆ ಆ ಮನೇಲಿ ನಾನ್ಯಾಕಮ್ಮಿ ಮನಿಕ್ಕೊಳ್ಳಲಿ?" ಈಗ ಹುಣಸೂರಿಗೆ ಬಾಡಿಗೆ ಸಿಕ್ಕಿದ ದಿನ ಟ್ರ್ಯಾಕ್ಟರಿನಲ್ಲೇ ಬರುತ್ತಾರೆ. ಲೋಡು ಇಳಿಸಿ, ಟ್ರೇಲರನ್ನು ಹೊರಗೆ ಬಿಚ್ಚಿ, ಎಂಜಿನ್ನನ್ನು ಸುಣ್ಣದ ಗೆರೆಯೊಳಗೆ ನಿಲ್ಲಿಸಿ, ಕೈಕಾಲು ತೊಳೆದು ಒಳಗೆ ಬರುತ್ತಾರೆ.

ನನಗೆ ಈ ಊರು ಅಭ್ಯಾಸ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ನಲ್ಲಿ ನೀರು ಬಂದಾಗ ಸಂತೋಷವಾಗುತ್ತದೆ. ಪವಿತ್ರ ಚೆನ್ನಾಗಿ ಓದುತ್ತಿದ್ದಾಳೆ, ಗೆಳತಿಯರ ಜೊತೆ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗುತ್ತಾಳೆ. ಎದುರು ಮನೆಯಾಕೆ ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ, ನಾನು ಅವರೆಕಾಳು ಸಾರು ಕೊಡುತ್ತೇನೆ. ರಜಕ್ಕೆ ಊರಿಗೆ ಹೋದರೆ ಓರಗಿತ್ತಿ ಚಾಪೆ ಹಾಸಿ, "ಎಷ್ಟು ದಿನ ಇದ್ದೀಯಕ್ಕಾ?" ಅನ್ನುತ್ತಾಳೆ. ಪ್ರೀತಿಯಿಂದಲೇ ಅನ್ನುತ್ತಾಳೆ. ಅಲ್ಲಿ ಸೌದೆ ಒಲೆ ಮುಂದೆ ಕೂತರೆ ಕಣ್ಣುರಿ, ಇಲ್ಲಿ ಗ್ಯಾಸಿನ ಮುಂದೆ ನಿಂತರೆ ಮನಸ್ಸುರಿ. ದಣಿದಿದ್ದೇನೆ ಅಷ್ಟೆ.

ಕಳೆದ ವಾರ ಅವರು ಬಂದಿದ್ದರು. ಮುದ್ದೆ, ಉಪ್ಸಾರು ಮಾಡಿದ್ದೆ. ಊಟ ಮಾಡಿ ಮಗಳ ಪಕ್ಕ ಮಲಗಿ ಒಂದು ನಿದ್ದೆ ತೆಗೆದರು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಎದ್ದು ಕಾಫಿ ಕುಡಿಯುತ್ತಿದ್ದ ಹಾಗೇ ಹೊತ್ತು ಮುಳುಗಿತು, ಬೀದಿದೀಪ ಹತ್ತಿತು, ಸಿದ್ದಪ್ಪ ಪಾರ್ಕಿನ ಹತ್ತಿರ ನಿಂತು ವಿಷಲ್ ಊದಿದ. ಹಳ್ಳಿಯಲ್ಲಿ ನಿಮಗೆಲ್ಲ ಗೊತ್ತು, ದೀಪ ಹಚ್ಚುವ ಹೊತ್ತಿನಲ್ಲಿ ಯಾರನ್ನೂ ಮನೆಯಿಂದ ಕಳಿಸುವುದಿಲ್ಲ. ಹಗೆಯೇ ಬಂದಿದ್ದರೂ ಕೂರಿಸಿ, ದೀಪ ಹಚ್ಚಿ, ಆಮೇಲೆ ಕಳಿಸುತ್ತೇವೆ. ಇನ್ನೊಂದು ಗಳಿಗೆ ಕೂರಿ ಅಂತ ಹೇಳಬೇಕಾದವಳು ನಾನು. ಸಿದ್ದಪ್ಪ ಮತ್ತೆ ಊದಿದ. ನಾಗರಾಜಪ್ಪನವರ ವರಾಂಡದ ಲೈಟು ಹತ್ತಿತು. "ಹೊತ್ತಾಯ್ತು ಕಣ್ರೀ, ಹೊರಡಿ," ಅಂದೆ. ಅವರು ಲೋಟ ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು.

ಗೇಟಿನವರೆಗೂ ಹೋದೆ. ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ನಮ್ಮ ಮನೆ ಮುಂದೆ ಬಂದಾಗ ಅವರು ನಿಧಾನ ಮಾಡಿ ನನ್ನ ಕಡೆ ನೋಡಿದರು. ನೆಂಟರನ್ನು ಕಳಿಸುವಾಗ ಹೇಳುವ ಮಾತು ನನ್ನ ಬಾಯಿಂದ ತಾನಾಗೇ ಬಂದುಬಿಟ್ಟಿತು.

"ಮತ್ತೆ ಬನ್ನಿ," ಅಂದೆ, ನನ್ನ ಗಂಡನಿಗೆ.

ಅವರು ಹೆಗಲ ಟವೆಲನ್ನು ತಲೆಗೆ ಸುತ್ತಿಕೊಂಡರು. ಆಮೇಲೆ, "ಬತ್ತೀನಿ," ಅಂದು ಗೇರ್ ಹಾಕಿದರು. ಸಿದ್ದಪ್ಪ ಸರಪಳಿ ಇಳಿಸಿ ದಾರಿ ಬಿಟ್ಟ. ನಾನು ಒಳಗೆ ಬಂದೆ. ಆವತ್ತು ದೇವರ ಮುಂದೆ ದೀಪ ಹಚ್ಚು ಅಂತ ಮಗಳಿಗೆ ಹೇಳಿದೆ, ನನಗೆ ಕೈ ಬರಲಿಲ್ಲ.