ಸದ್ದಿಲ್ಲದ ಕಾರ್ಡು

ಹೊಲಿಗೆ ಯಂತ್ರ ರಿಪೇರಿ ಮಾಡುವವನು ಈ ವಯಸ್ಸಿನಲ್ಲಿ ಕಂಪ್ಯೂಟರಿನೊಳಗೆ ಕಾರು ಓಡಿಸುವುದೆಂದರೆ ಭಾವಮೈದುನರಿಗೆಲ್ಲ ತಮಾಷೆ. ನಗಲಿ ಬಿಡಿ, ಅವರ ಗಂಟೇನು ಹೋಗಬೇಕು? ಹೋದ ವರ್ಷ ಹೃದಯಾಘಾತವಾಗಿ, ಭಾರ ಎತ್ತಬೇಡ, ಅಲೆಯಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ ಮೇಲೆ ಅವನಿಗೆ ಮಧ್ಯಾಹ್ನ ಕಳೆಯಲು ಸಿಕ್ಕಿದ್ದು ಅದೊಂದೇ.

ತೊಂದರೆಯೆಂದರೆ ಇದ್ದದ್ದು ಒಂದೇ ಕೋಣೆ. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು. ಹಗಲು ಕಣ್ಣು ಮುಚ್ಚದಿದ್ದರೆ ಅವಳ ಗತಿ ದೇವರಿಗೇ ಪ್ರೀತಿ. ಮೇಜಿನ ಕೆಳಗಿನ ಹಳೆಯ ಕಂಪ್ಯೂಟರ್ ಡಬ್ಬವೋ, ಆಟ ಶುರುವಾದೊಡನೆ ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟುತ್ತಿತ್ತು. ಅವಳು ಒಂದು ದಿನವೂ ಗೊಣಗಿದವಳಲ್ಲ. ಅದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಹಾಗಾಗಿ, ಆ ಸದ್ದು ಮಾಡುವ ಫ್ಯಾನಿದ್ದ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಕೈಕೊಟ್ಟಾಗ ಅವನಿಗೆ ಒಳಗೊಳಗೇ ಖುಷಿ.

"ಎಷ್ಟು ವರ್ಷ ಬಾಳ್ಬೇಕು?" ಹೊಸ ಕಾರ್ಡು ಕೊಳ್ಳಲು ಹೋದಾಗ ಅಂಗಡಿಯವಳು ಕೇಳಿದಳು.

"ನಾನಿರೋವರೆಗೂ ಬಂದ್ರೆ ಸಾಕಮ್ಮ."

"ಹಾಗಂದ್ರೆ ನಾನು ವಾರಂಟಿ ಬರೆಯೋದು ಹೇಗೆ?"

ಬಣ್ಣಬಣ್ಣದ ದೀಪವಿದ್ದ ಒಂದು ಕಾರ್ಡಿನ ಮೇಲೆ ಅವನ ಕಣ್ಣು ಬಿತ್ತು. "ಲೈಟಿಗೆ ಮರುಳಾಗ್ಬೇಡಿ. ಮೆಮೊರಿ ಜಾಸ್ತಿ ಇರೋದು ತಗೊಳ್ಳಿ, ಮುಂದೆ ಬರೋ ಆಟಕ್ಕೂ ಆಗುತ್ತೆ. ಫ್ಯಾನ್ ದೊಡ್ಡದಿದ್ರೆ ಬಿಸಿನೂ ಆಗಲ್ಲ," ಎಂದಳು. ಅವನು ಒಪ್ಪಿದ. ಆದರೆ ಒಂದೊಂದನ್ನೂ ಓಡಿಸಿ ತೋರಿಸು ಎಂದು ಹಟ ಹಿಡಿದು, ಫ್ಯಾನುಗಳಿಗೆ ಕಿವಿಕೊಟ್ಟು ಕೇಳಿದ. ಪಕ್ಕದ ಗಿರಾಕಿಗಳು ಮುಸಿಮುಸಿ ನಕ್ಕರು. ಕೊನೆಗೆ ಉಸಿರೇ ಇಲ್ಲದಂತಿದ್ದ ದಪ್ಪನೆಯ ಕಾರ್ಡನ್ನು ಆರಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

ಮರುದಿನ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಟಕ್ಕೆ ಕೂತ. ಕೋಣೆಯಲ್ಲಿ ಪಿಟ್ಟೆಂಬ ಸದ್ದಿಲ್ಲ. ಇನ್ನೇನು ಗೆಲ್ಲಬೇಕು, ಬೆನ್ನ ಮೇಲೊಂದು ಕೈ ಬಿತ್ತು. ಹೌಹಾರಿ ತಿರುಗಿದರೆ ಕೆದರಿದ ಕೂದಲಿನಲ್ಲಿ ಹೆಂಡತಿ.

"ಏನಾಯ್ತೇ?"

"ಏನಿಲ್ಲ, ಆಡಿ."

ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ಮಾರನೆಯ ದಿನವೂ ಅದೇ ಕಥೆ. ಅವನು ಬಿಡದೆ ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಆ ಡಬ್ಬ ಗುರ್ ಅಂತ ಏರ್ತಾ ಇಳೀತಾ ಇದ್ರೆ, ಆಡ್ತಿದ್ದಾರೆ ಅಂತ ನಂಗೆ ನಿದ್ದೆ ಬರ್ತಿತ್ತು. ಈಗ ಗಪ್‌ಚಿಪ್. ಬದುಕಿದ್ದೀರೋ ಇಲ್ವೋ ಅಂತ ಎದ್ದೆದ್ದು ನೋಡ್ಬೇಕು. ಆಸ್ಪತ್ರೇಲೂ ಅದೇ ಕೆಲಸ, ಮನೇಲೂ ಅದೇ."

ಪಾಪ, ಒಂದು ವರ್ಷದಿಂದ ಇಷ್ಟು ಭಯ ಹೊತ್ತುಕೊಂಡು ತಿರುಗುತ್ತಿದ್ದಾಳೆ. ತಾನೋ ಅವಳ ನಿದ್ದೆಗೆಂದು ಊರಿಗಿಲ್ಲದ ಕಾರ್ಡು ಹುಡುಕಿ ತಂದಿದ್ದಾನೆ.

"ವಾಪಸ್ ಕೊಟ್ಟು ಬರ್ಲಾ?"

"ತೆಪ್ಪಗಿರಿ. ಒಳ್ಳೇ ಕಾರ್ಡು."

ಮರುದಿನ ಅವಳು ಮಲಗಿದ ಮೇಲೆ ಅವನು ಆಟ ಶುರುಮಾಡಿದ. ಒಂದು ತಿರುವಿನಲ್ಲಿ ಮುಂದಿನ ಕಾರು ಅಡ್ಡ ಬಂತು.

"ಲೇ, ಪಕ್ಕಕ್ಕೆ ಹೋಗೋ! ರಸ್ತೆ ಏನು ನಿಮ್ಮಪ್ಪಂದಾ?" ಎಂದು ಗದರಿ, ನಾಲಿಗೆ ಕಚ್ಚಿಕೊಂಡು ಸುಮ್ಮನಾದ.

ಹಾಸಿಗೆಯಿಂದ ದನಿ ಬಂತು, ಅರ್ಧ ನಿದ್ದೆಯದು: "ನಿಲ್ಲಿಸ್ಬೇಡಿ. ಬೈತಾ ಇರಿ."

ಅವನು ಅವಳ ಗೊರಕೆ ಕೇಳುವವರೆಗೂ ಬೈದ. ಆಮೇಲೂ ಬೈಯುತ್ತಲೇ ಇದ್ದ.