ನಾನೇ ಕೇಳಿದರೂ ಕೊಡಬೇಡ

ಬಡಗಿಯಣ್ಣನಿಗೆ ಆ ಹೆಸರು ಬಂದದ್ದು ಕುರ್ಚಿ ಮೇಜು ಮಾಡುತ್ತಿದ್ದ ಕಾಲದಲ್ಲಿ. ಆಮೇಲೆ ಕೃತಕ ಕಾಲು ಮಾಡುವುದನ್ನು ನೋಡಿ ನೋಡಿಯೇ ಕಲಿತ. ಹೆಸರು ಮಾತ್ರ ಹಾಗೇ ಅಂಟಿಕೊಂಡಿತು. ಕತ್ತರಿಸಿ ಉಳಿದ ಕಾಲಿನ ತುದಿ ಹೋಗಿ ಕೂರುವ ಬಟ್ಟಲಿದೆಯಲ್ಲ, ಅದೇ ಈ ಕೆಲಸದ ಜೀವಾಳ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚರ್ಮ ಕಿತ್ತು ಬರುತ್ತದೆ. ತಿಂಗಳುಗಟ್ಟಲೆ ತೊಡಿಸಿ, ಉಜ್ಜಿ, ಮತ್ತೆ ತೊಡಿಸಿ ನೋವಿಲ್ಲದ ಆಕಾರ ಸಿಕ್ಕಿದ ಮೇಲೆ ಅದನ್ನು ಸ್ಕ್ಯಾನ್ ಮಾಡಿ ಮನೆಯ ಸರ್ವರ್‌ನಲ್ಲಿ ಇಡುತ್ತಿದ್ದ. ಸರ್ವರ್ ಎಂದರೆ ಬಟ್ಟೆ ಕಪಾಟಿನ ಪಕ್ಕ ಗುಂಯ್ ಎನ್ನುವ ಒಂದು ಹಳೆಯ ಕಂಪ್ಯೂಟರ್, ಅಷ್ಟೆ.

ಜನರ ಮೈಯ ವಿಷಯ, ಕಂಡಕಂಡವರ ಕಣ್ಣಿಗೆ ಬೀಳಬಾರದು ಎಂದು ಎಲ್ಲ ಫೈಲುಗಳನ್ನೂ ಎನ್‌ಕ್ರಿಪ್ಟ್ ಮಾಡಿದ್ದ. ಕೀಲಿ ಇಲ್ಲದೆ ತೆರೆದರೆ ಬರೀ ಕಲಸುಮೇಲೋಗರ. ಆ ಕೀಲಿಯೂ ಒಂದು ಪುಟ್ಟ ಫೈಲೇ. ಅದನ್ನು ಸರ್ವರ್‌ನಲ್ಲೇ ಬಿಟ್ಟರೆ ಕಳ್ಳನಿಗೆ ಮಣೆ ಹಾಕಿ ಕೂರಿಸಿದಂತೆ. ಆದ್ದರಿಂದ ಪೆನ್‌ಡ್ರೈವ್‌ಗೆ ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದ. ಇನ್ನೊಂದು ಪ್ರತಿಯನ್ನು ಹಿಂದಿನ ಬೀದಿಯ ಅಕ್ಕನಿಗೆ ಕೊಟ್ಟು, "ಯಾರಿಗೂ ಕೊಡಬೇಡ. ಫೋನಲ್ಲಿ ನಾನೇ ಕೇಳಿದರೂ ಕೊಡಬೇಡ" ಎಂದು ತಾಕೀತು ಮಾಡಿದ್ದ.

ಒಂದು ಶನಿವಾರ, ಹಿಂದೆ ಅವನಿಂದಲೇ ಕಾಲು ಮಾಡಿಸಿಕೊಂಡಿದ್ದ ಬಸ್ ಕಂಡಕ್ಟರಮ್ಮ ಊರುಗೋಲು ಊರಿಕೊಂಡು ಬಂದಳು. ಬಟ್ಟಲು ಸೀಳಿ ಹೋಗಿತ್ತು.

"ಅಣ್ಣಾ, ಸೋಮವಾರ ಡಿಪೋದಲ್ಲಿ ನಡೆದು ತೋರಿಸಬೇಕು. ಇಲ್ಲದಿದ್ರೆ ಬಸ್ಸಿಂದ ಇಳಿಸಿ ಮೂಲೆ ಮೇಜಿಗೆ ಹಾಕ್ತಾರೆ. ಅಲ್ಲಿ ಕೂತರೆ ನಾನು ಸತ್ತಂಗೇ."

"ನಿನ್ನ ಕಾಲು ನನ್ನ ಹತ್ರ ಭದ್ರವಾಗಿದೆ ಕಣಮ್ಮ" ಎಂದು ಪೆನ್‌ಡ್ರೈವ್ ಚುಚ್ಚಿದ. ಜಪ್ಪಯ್ಯ ಎಂದರೂ ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ಆಗ ಹೊಳೆಯಿತು. ಪ್ಲಾಸ್ಟಿಕ್ ಮೆದು ಮಾಡುವ ಒಲೆಗೆ ದಿನವೂ ಬಗ್ಗುವಾಗ ಕೊರಳಲ್ಲಿದ್ದ ಅದೂ ಬೇಯುತ್ತಿತ್ತು!

ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಆ ಪೆನ್‌ಡ್ರೈವನ್ನ ಭಾವನ ಕೈಲಿ ಕಳಿಸು."

"ಯಾರು ಮಾತಾಡೋದು?"

"ನಿನ್ನ ತಮ್ಮ ಕಣೇ!"

"ನನ್ನ ತಮ್ಮ ಆಗಿದ್ರೆ ಫೋನಲ್ಲಿ ಕೇಳ್ತಿರಲಿಲ್ಲ" ಎಂದು ಪಟ್ಟನೆ ಇಟ್ಟುಬಿಟ್ಟಳು.

ಬೈದುಕೊಳ್ಳುತ್ತಾ ತಾನೇ ಓಡಿದ. ಅಕ್ಕ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಉಣ್ಣೆ ನೂಲಿನ ಉಂಡೆಯೊಂದನ್ನು ಕೈಗಿಟ್ಟಳು.

"ಬಿಚ್ಚು. ಒಳಗಿದೆ. ಗಂಟು ಬಿತ್ತೋ, ನೋಡು ಮತ್ತೆ!"

"ಇದೇನೇ ಅಕ್ಕಾ, ಸುತ್ತಿದ್ದೀಯ ಸುತ್ತಿದ್ದೀಯ, ಮುಗಿಯೋದೇ ಇಲ್ಲ?"

"ಭದ್ರವಾಗಿಡು ಅಂದೋನು ನೀನೇ ತಾನೆ?"

ವಾಪಸು ಬರುವಾಗ ಅವನಿಗೆ ಇನ್ನೊಂದು ಭಯ ಹಿಡಿಯಿತು. ಆ ಪ್ರತಿ ತೆರೆಯುತ್ತದೆಯೋ ಇಲ್ಲವೋ ಎಂದು ಕೊಟ್ಟ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಕಂಡಕ್ಟರಮ್ಮ ಊರುಗೋಲು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು. ಪೆನ್‌ಡ್ರೈವ್ ಚುಚ್ಚಿದ. ಪರದೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಅವಳ ಮೊಣಕಾಲ ಕೆಳಗಿನ ಆಕಾರ, ಒಂದು ಪಕ್ಕದ ಸಣ್ಣ ಕುಳಿಯ ಸಮೇತ, ನಿಧಾನವಾಗಿ ಮೂಡಿಬಂತು.

"ಬಂತು ಕಣಮ್ಮ!" ಎಂದವನು ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಹೋದ ಜೀವ ಮರಳಿ ಬಂದಂತಾಗಿತ್ತು.

ಅಂದೇ ಕೀಲಿಯ ಹೊಸ ಪ್ರತಿಗಳನ್ನು ಮಾಡಿ, ಒಂದೊಂದನ್ನೂ ತೆರೆದು ನೋಡಿ, ಬೇರೆಬೇರೆ ಕಡೆ ಇಟ್ಟ. ಕೊರಳಿಗೆ ಮಾತ್ರ ಯಾವುದನ್ನೂ ಕಟ್ಟಿಕೊಳ್ಳಲಿಲ್ಲ.

ಭಾನುವಾರ ಸಂಜೆ ಕಂಡಕ್ಟರಮ್ಮ ಅದೇ ಆಕಾರದಲ್ಲಿ ಮಾಡಿದ ಹೊಸ ಬಟ್ಟಲಿಗೆ ಕಾಲಿಟ್ಟು ಎದ್ದು ನಿಂತಳು. ಅವನು ಕಾಲು ನೋಡಲಿಲ್ಲ, ಮುಖ ನೋಡಿದ.

"ಚುಚ್ಚುತ್ತಾ?"

ಅವಳು ಊರುಗೋಲನ್ನು ಗೋಡೆಗೆ ಒರಗಿಸಿ, ಕೆಲಸದ ಮೇಜುಗಳ ನಡುವೆ ಸರಸರ ನಡೆದುಹೋಗಿ, ಬಾಗಿಲ ಬಳಿ ತಿರುಗಿ ಕೂಗಿದಳು.

"ಯಾರ್‍ರೀ ಟಿಕೆಟ್, ಟಿಕೆಟ್!"